ಎರಡನೆಯ ಫೋಟೊ

ಪಕ್ಷದ ಕಾರ್ಯದರ್ಶಿಗಳು ತಮ್ಮನ ರಟ್ಟೆ ಹಿಡಿದು ಎಳೆತಂದು ನಾಯಕರ ಪಕ್ಕದಲ್ಲೇ ನಿಲ್ಲಿಸಿದಾಗ ಸಭಾಂಗಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎದುರಿಗೆ ಕ್ಯಾಮೆರಾ ಹಿಡಿದು ನಿಂತಿದ್ದ ಅಕ್ಕ ಮಾತ್ರ ತಟ್ಟಲಿಲ್ಲ. ಕೈ ಖಾಲಿ ಇರಲಿಲ್ಲ ಅನ್ನುವುದು ಒಂದು ಕಾರಣ. ಪಕ್ಷದ ಫೋಟೊದಲ್ಲಿ ನಡುವಿನ ಜಾಗ ಯಾರಿಗೂ ಪುಕ್ಕಟೆ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿದ್ದದ್ದು ಇನ್ನೊಂದು.

ತಮ್ಮ ಅಂದರೆ ಅವಳ ಒಡಹುಟ್ಟಿದ ತಮ್ಮನೇ. ಸವೆದ ಟೈರಿಗೆ ಹೊಸ ರಬ್ಬರು ಹಾಕುವ ಅಂಗಡಿಯಲ್ಲಿ ಕೆಲಸ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವನು ಪಕ್ಷದವನಲ್ಲ, ಪಡೆಯವನು. ‘ನೆಲದ ಪಡೆ’ ಎಂದು ಊರಿನ ಒಂದಷ್ಟು ಹುಡುಗರು ಕಟ್ಟಿಕೊಂಡಿದ್ದ ಗುಂಪು ಅದು. ‘ಹೊರಗಿನವರು ಹೊರಗೆ’ ಎನ್ನುವುದು ಅವರ ಕೂಗು. ಹೊರಗಿನಿಂದ ಬಂದು ಅಂಗಡಿ ಇಟ್ಟವರ ಬೋರ್ಡಿಗೆ ಕಪ್ಪು ಬಳಿಯುವುದು, ಲಾರಿ ನಿಲ್ಲಿಸಿ ಡ್ರೈವರನ ಗುರುತಿನ ಚೀಟಿ ಕೇಳುವುದು ಅವರ ಕೆಲಸ. ಪಕ್ಷ ಹಾಗಲ್ಲ. ಅದು ದೊಡ್ಡದು, ಶಾಸನಸಭೆಯಲ್ಲಿ ಕುರ್ಚಿಗಳಿದ್ದದ್ದು, ದಿನ ಬೆಳಗಾದರೆ ‘ಸಾಮಾನ್ಯ ಜನ, ಸಾಮಾನ್ಯ ಜನ’ ಎಂದು ಜಪ ಮಾಡುವಂಥದ್ದು. ಪಡೆ ಬೀದಿಯಲ್ಲಿ ಅರಚಿದ್ದನ್ನು ಪಕ್ಷ ಕೆಲವು ತಿಂಗಳು ಬಿಟ್ಟು ಮೆಲುದನಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳುತ್ತಿತ್ತು. ಆದರೆ ಇಬ್ಬರಿಗೂ ನಂಟಿದೆಯೇ ಎಂದು ಯಾರಾದರೂ ಕೇಳಿದರೆ ಎರಡೂ ಕಡೆಯವರು ಕೆಂಡ ತುಳಿದವರಂತೆ ಹಾರುತ್ತಿದ್ದರು.

ನಾಯಕರು ತಮ್ಮನ ಹೆಗಲ ಮೇಲೆ ಕೈ ಹಾಕಿದರು. ಅಕ್ಕ ಒತ್ತಿದಳು.

“ಇನ್ನೊಂದು ಇರ್ಲಿ,” ಎಂದರು ಕಾರ್ಯದರ್ಶಿಗಳು. “ಹೀರೋ, ನೀನು ಆ ಕೊನೆಗೆ ಹೋಗಪ್ಪ. ಇಲ್ಲಿ ನಿನ್ನ ಮುಖಕ್ಕೆ ಬೆಳಕು ಬೀಳ್ತಿಲ್ಲ.”

ಬೆಳಕು ಚೆನ್ನಾಗಿಯೇ ಬಿದ್ದಿತ್ತು. ತಮ್ಮ ನಗುತ್ತ ಎಡಗಡೆಯ ಕೊನೆಗೆ ಹೋಗಿ ನಿಂತ. ಅವನಿಗೂ ಅವನ ಪಕ್ಕದವರಿಗೂ ನಡುವೆ ಒಂದು ಅಂಗೈಯಷ್ಟು ಸಂದು ಬಿಟ್ಟಿತು. ಆ ಸಂದಿನ ಹಿಂದೆ ಬರೀ ಪರದೆ. ಅಕ್ಕ ಕ್ಯಾಮೆರಾದಿಂದ ಕಣ್ಣು ತೆಗೆದು ಆ ಸಂದನ್ನು ನೋಡಿದಳು. ಆದರೂ ಒತ್ತಿದಳು.

ಆ ಸಂದು ಅವಳದೇ ಕಸುಬು. ಪಕ್ಷದ ಫೋಟೊ ಕೆಲಸ ಅವಳ ಸ್ಟುಡಿಯೋಕ್ಕೆ ಬಂದ ಹೊಸದರಲ್ಲಿ ಕಾರ್ಯದರ್ಶಿಗಳು ಹೇಳಿಕೊಟ್ಟ ಪಾಠವೇ ಅದು. “ನೋಡು ತಂಗಿ, ಪಡೆಯವರು ಬಂದಾಗ ಬರಬೇಡಿ ಅನ್ನೋಕಾಗಲ್ಲ. ಕೊನೇಲಿ ನಿಲ್ಸು. ಯಾರ ಹೆಗಲಿಗೂ ಹೆಗಲು ತಾಗಬಾರದು, ಯಾರ ಮೇಲೂ ಕೈ ಇರಬಾರದು. ನಾಳೆ ಕತ್ತರಿಸಿದ್ರೆ ಕತ್ತರಿಸಿದ್ದು ಗೊತ್ತಾಗಬಾರದು.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳು ಅದನ್ನು ಬೇಗ ಕಲಿತಳು. ಒಮ್ಮೆ ಪಡೆಯ ಒಬ್ಬ ಗಡ್ಡದವನು ಕಾಲೇಜಿನ ಮೇಷ್ಟ್ರೊಬ್ಬರಿಗೆ ಬಸ್ ನಿಲ್ದಾಣದಲ್ಲಿ ಕಪಾಳಕ್ಕೆ ಹೊಡೆದ. ಮರುದಿನ ಅವನು ಪಕ್ಷದ ಎಲ್ಲ ಫೋಟೊಗಳಿಂದ ಮಾಯ. ಕಾರ್ಯದರ್ಶಿಗಳು ಟೀವಿಯಲ್ಲಿ ಹುಬ್ಬು ಗಂಟಿಕ್ಕಿ “ಯಾರ್ರೀ ಅವನು? ನಾನು ನೋಡೇ ಇಲ್ವಲ್ಲ” ಎಂದರು. ಹಿಂದಿನ ವಾರವಷ್ಟೇ ಅವನ ಜೊತೆ ಟೀ ಕುಡಿದಿದ್ದರು. ಲೋಟ ಹಂಚಿದ್ದು ಅಕ್ಕನೇ.

ಪಕ್ಷ ಮಾತ್ರ ಹೀಗೆ ಅಂದುಕೊಂಡಿದ್ದರೆ ಅವಳಿಗೆ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ. ಪಡೆಯ ಮುಖಂಡನಿಗೆ ಎಲ್ಲರೂ ಸರದಾರ ಎನ್ನುತ್ತಿದ್ದರು. ಅವನೇ ಒಮ್ಮೆ ಅವಳನ್ನು ಪಕ್ಕಕ್ಕೆ ಕರೆದು, “ನಮ್ಮನ್ನ ಅವರ ಹತ್ರ ತುಂಬಾ ಒತ್ತಿಸಬೇಡಮ್ಮ. ನಮ್ಮ ಹುಡುಗರು ನನ್ನನ್ನ ಮಾರಿಕೊಂಡೋನು ಅಂದ್ಬಿಡ್ತಾರೆ,” ಎಂದಿದ್ದ. ಅಂದರೆ ಆ ಸಂದು ಇಬ್ಬರಿಗೂ ಬೇಕಿತ್ತು. ಇಬ್ಬರೂ ಕೂಡಿ ಸಾಕಿದ ಸಂದು ಅದು. ಅದರೊಳಗೆ ಬೀಳುವವರು ಬೇರೆ ಯಾರೋ.

ಈಗ ತಮ್ಮನದು ಎರಡು ಫೋಟೊ. ಒಂದು ನಡುವೆ, ಒಂದು ಕೊನೆಗೆ. ಯಾಕೆ?

ಮನೆಯಲ್ಲಿ ಅಮ್ಮನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಊಟಕ್ಕೆ ಕೂತ ಮಗನ ತಟ್ಟೆಗೆ ಎರಡೆರಡು ಸಲ ಬಡಿಸುತ್ತ, “ನಾಯಕರ ಕೈ ಭಾರ ಇತ್ತೇನೋ? ಹೆಗಲು ನೋಯ್ತಿದ್ಯಾ?” ಎಂದು ಕೇಳಿದಳು.

“ಇವತ್ತು ಸ್ನಾನಾನೇ ಮಾಡಲ್ಲಮ್ಮ,” ಎಂದ ತಮ್ಮ.

“ಅದು ನಿಂಗೆ ಹೊಸದೇನಲ್ಲ,” ಎಂದಳು ಅಕ್ಕ. “ಏನಕ್ಕಂತೆ ನಿನ್ನನ್ನ ನಡುವೆ ನಿಲ್ಸಿದ್ದು?”

“ಯುವ ಘಟಕಕ್ಕೆ ಸೇರಿಸ್ಕೋತಾರಂತೆ. ಭಾನುವಾರದ ಮೆರವಣಿಗೆ ನಾನೇ ನಡೆಸಬೇಕಂತೆ. ಮಾರ್ಕೆಟ್ಟಿನ ಹಿಂದಿನ ಬೀದಿ ಇದ್ಯಲ್ಲ, ಅಲ್ಲಿಂದ ಹೋಗೋದು. ಹೊರಗಿನವರ ಅಂಗಡಿ ಒಂದೂ ತೆರೆದಿರಬಾರದು.”

“ಪಕ್ಷದ ಮೆರವಣಿಗೆಯಾ, ಪಡೆಯದ್ದಾ?”

ತಮ್ಮ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. “ಜನರದ್ದು.”

“ಜನರದ್ದು! ಯಾರು ಹೇಳ್ಕೊಟ್ಟಿದ್ದು ಈ ಮಾತು?”

“ಅಕ್ಕಾ, ನಿಂಗೆ ಹಾಲಲ್ಲೂ ನೊಣ ಕಾಣುತ್ತೆ.”

“ಇದ್ರೆ ಕಾಣುತ್ತೆ. ನಿಮ್ಮ ಸರದಾರ ಏನಂದ?”

“ಅವರೇ ಹೋಗು ಅಂದಿದ್ದು. ಭಾನುವಾರ ಅವರು ಇರಲ್ಲ, ಅವರ ನಾದಿನಿಗೆ ಆಪರೇಶನ್ನು. ಕಾರ್ಯದರ್ಶಿಗಳೂ ಇರಲ್ಲ, ರಾಜಧಾನೀಲಿ ಮೀಟಿಂಗು. ಪೂರ್ತಿ ಜವಾಬ್ದಾರಿ ನಂದೇ!”

ಅಮ್ಮ ಹಿಗ್ಗಿನಿಂದ ಇನ್ನೊಂದು ಸೌಟು ಬಡಿಸಿದಳು. ಅಕ್ಕ ಲೆಕ್ಕ ಹಾಕಿದಳು. ಮೆರವಣಿಗೆ ಹೊರಡಿಸಿದವರು ಇಬ್ಬರು. ಆ ದಿನ ಇಬ್ಬರೂ ಊರಲ್ಲಿಲ್ಲ. ಕಲ್ಲು ಬಿದ್ದರೆ, ತಲೆ ಒಡೆದರೆ, ಪೊಲೀಸರು ಹುಡುಕಿಕೊಂಡು ಬರುವಾಗ ಊರಲ್ಲಿ ಇರುವವನು ಟೈರ್ ಅಂಗಡಿಯ ಹುಡುಗ ಒಬ್ಬನೇ.

“ಹೋಗಬೇಡ ಕಣೋ,” ಎಂದಳು.

“ಯಾಕೆ?”

“ನಿನ್ನನ್ನ ಕೊನೇಲೂ ನಿಲ್ಸಿ ಒಂದು ಫೋಟೊ ತೆಗೆಸಿದ್ದಾರೆ.”

ತಮ್ಮ ನಕ್ಕುಬಿಟ್ಟ. “ಬೆಳಕು ಸರಿ ಇರ್ಲಿಲ್ಲ ಅಂತ ತಾನೇ? ನೀನೇ ತೆಗೆದು ನೀನೇ ಹೆದರ್ತೀಯಲ್ಲ!” ಕೈ ತೊಳೆಯಲು ಎದ್ದು ಹೋದ. ಅಕ್ಕ ಜಗಳವಾಡಿದಳು, ಕಾಡಿದಳು, ಟೈರ್ ಅಂಗಡಿಯ ಯಜಮಾನನಿಗೆ ಹೇಳಿ ಭಾನುವಾರವೂ ಕೆಲಸಕ್ಕೆ ಕರೆಸಲು ನೋಡಿದಳು. ಯಜಮಾನ, “ನಾಯಕರ ಪಕ್ಕ ನಿಂತವನನ್ನ ಟೈರ್ ಪಕ್ಕ ನಿಲ್ಲಿಸೋ ಧೈರ್ಯ ನಂಗಿಲ್ಲಮ್ಮ,” ಎಂದು ಕೈ ಮುಗಿದ.

ಮರುದಿನ ಮಧ್ಯಾಹ್ನ ಕಾರ್ಯದರ್ಶಿಗಳು ಸ್ಟುಡಿಯೋಕ್ಕೆ ಬಂದರು. ಕುಳ್ಳಗಿನ ಮನುಷ್ಯ, ಸದ್ದಿಲ್ಲದೆ ನಗುವವರು. ಭುಜ ಕುಣಿದರೆ ನಕ್ಕರು ಎಂದು ತಿಳಿಯಬೇಕು. ಗಿರಾಕಿಯ ಸ್ಟೂಲಿನ ಮೇಲೆ ಕೂತು, ಎರಡೂ ಫೋಟೊಗಳನ್ನು ಕಂಪ್ಯೂಟರಿನ ತೆರೆಯ ಮೇಲೆ ಅಕ್ಕಪಕ್ಕ ಹಾಕಿಸಿ ನೋಡಿದರು.

“ಚೆನ್ನಾಗಿದೆ. ಎರಡೂ ಚೆನ್ನಾಗಿದೆ.”

“ಯಾವುದು ಕಳಿಸ್ಲಿ ಸಾರ್?”

“ಈಗ ಯಾವುದೂ ಬೇಡ. ಭಾನುವಾರ ಮುಗೀಲಿ. ಸೋಮವಾರ ಫೋನ್ ಮಾಡಿ ಯಾವುದು ಅಂತ ಹೇಳ್ತೀನಿ.”

“ಭಾನುವಾರ ಏನಾಗುತ್ತೆ?”

“ಏನೂ ಆಗಲ್ಲ ಕಣಮ್ಮ. ಮೆರವಣಿಗೇಲಿ ಏನಾಗುತ್ತೆ, ನಡೀತಾರೆ.” ಭುಜ ಕುಣಿದವು. “ಎರಡೂ ನಿನ್ನ ಹತ್ರಾನೇ ಇರ್ಲಿ. ಜೋಪಾನ.”

ಅವರು ಹೋದ ಮೇಲೂ ಅವಳು ತೆರೆಯನ್ನು ಆರಿಸಲಿಲ್ಲ. ಬಿಡಿಸಿ ಹೇಳುವುದು ಇನ್ನೇನೂ ಉಳಿದಿರಲಿಲ್ಲ. ಬೀದಿಯವರು ಜೈಕಾರ ಹಾಕಿದರೆ ಮೊದಲನೆಯದು: ನಮ್ಮ ಹುಡುಗ, ನೋಡಿ, ನಾಯಕರೇ ಬೆಳೆಸಿದ್ದು. ರಕ್ತ ಬಿದ್ದರೆ ಎರಡನೆಯದು, ಅದೂ ಎಡಗಡೆಯ ಒಂದು ಗೆರೆ ಕತ್ತರಿಸಿ: ಯಾರ್ರೀ ಅವನು? ಆ ಗೆರೆಯನ್ನು ಎಳೆಯುವ ಕೈ ಯಾರದು? ಸೋಮವಾರ ಫೋನು ಬಂದರೆ ಕತ್ತರಿಸುವವಳು ಅವಳೇ. ಸ್ವಂತ ತಮ್ಮನನ್ನು.

ಹಾಗಾದರೆ ಕತ್ತರಿಸಲಾಗದಂತೆ ಮಾಡಬೇಕು. ಭಾನುವಾರಕ್ಕೆ ಮೊದಲೇ ಊರೆಲ್ಲ ಮೊದಲನೆಯ ಫೋಟೊ ನೋಡಿಬಿಟ್ಟರೆ, ನಾಯಕರ ಕೈ ತಮ್ಮನ ಹೆಗಲ ಮೇಲಿರುವುದು ಎಲ್ಲರ ಕಣ್ಣಿಗೆ ಅಂಟಿಕೊಂಡರೆ, ಆಮೇಲೆ ಯಾವ ಕತ್ತರಿಯೂ ನಡೆಯುವುದಿಲ್ಲ. ಹೆಸರು ಕೆಡುತ್ತದೆಂದು ಹೆದರಿ ಅವರೇ ಮೆರವಣಿಗೆ ನಿಲ್ಲಿಸಿಯಾರು. ನಿಲ್ಲಿಸದಿದ್ದರೂ ತಮ್ಮನನ್ನು ನಡುನೀರಲ್ಲಿ ಬಿಡಲಾರರು.

ಬಾಗಿಲಗಲ ದೊಡ್ಡದಾಗಿ ಒಂದು ಪ್ರಿಂಟ್ ತೆಗೆದಳು. ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮಾರ್ಕೆಟ್ಟಿನ ಹಿಂದಿನ ಬೀದಿಗೆ ಹೋದಳು.

ಆ ಬೀದಿಯಲ್ಲಿ ಫ್ರೇಮ್ ಕಟ್ಟುವ ಮಾಮ ಇದ್ದರು. ಅವರ ಅಪ್ಪ ಹೊರಗಿನಿಂದ ಬಂದವರು. ಮಾಮ ಹುಟ್ಟಿದ್ದು ಇಲ್ಲೇ, ಅದೇ ಅಂಗಡಿಯ ಅಟ್ಟದ ಮೇಲೆ. ಅಕ್ಕನ ಅಪ್ಪ ಸ್ಟುಡಿಯೋ ನಡೆಸುತ್ತಿದ್ದ ಕಾಲದಿಂದ ಅಲ್ಲಿಯ ಫೋಟೊಗಳಿಗೆಲ್ಲ ಅವರದೇ ಕಟ್ಟು. ಸುರುಳಿ ಬಿಚ್ಚಿ ಹಲಗೆಯ ಮೇಲೆ ಹರಡಿ, ನಾಲ್ಕು ಮೂಲೆಗೂ ಸುತ್ತಿಗೆ, ಗೋಂದಿನ ಡಬ್ಬ, ಇಕ್ಕಳ, ತಮ್ಮ ಕನ್ನಡಕದ ಪೆಟ್ಟಿಗೆ ಇಟ್ಟು ನೋಡಿದರು.

“ಓಹೋ! ನಿನ್ನ ತಮ್ಮ ದೊಡ್ಡ ಮನುಷ್ಯನಾಗಿಬಿಟ್ಟ. ಮೊನ್ನೆ ಬೋರ್ಡಿಗೆ ಕಪ್ಪು ಬಳಿಯೋಕೆ ಬಂದವರಲ್ಲಿ ಇವನೂ ಇದ್ದ. ನನ್ನ ನೋಡಿ ನಾಚಿಕೊಂಡ, ಪಾಪ. ‘ಮಾಮ, ನಿಮ್ಮದು ಕೊನೇಗೆ’ ಅಂದ.”

“ಬಳಿದ್ರಾ?”

“ಮಾತಿಗೆ ತಪ್ಪಲಿಲ್ಲ. ಕೊನೇಗೇ ಬಳಿದ್ರು. ಅಷ್ಟರಲ್ಲಿ ಬಣ್ಣ ಮುಗಿದು ಅರ್ಧಕ್ಕೇ ನಿಂತಿತು.” ಮಾಮ ಮರದ ಪಟ್ಟಿಗಳನ್ನು ಆರಿಸತೊಡಗಿದರು. “ಯಾವುದು ಹಾಕ್ಲಿ? ಚಿನ್ನದ ಬಣ್ಣದ್ದು ಇದೆ. ಪಕ್ಷದವರಿಗೆ ಅದೇ ಇಷ್ಟ.”

ಅಕ್ಕನಿಗೆ ತಡೆಯಲಾಗಲಿಲ್ಲ. ಭಾನುವಾರದ ಮೆರವಣಿಗೆಯನ್ನೂ ಎರಡು ಫೋಟೊಗಳನ್ನೂ ತನ್ನ ಲೆಕ್ಕಾಚಾರವನ್ನೂ ಹೇಳಿದಳು. ಮಾಮ ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಗಾಜು ಅಳೆದರು, ಪಟ್ಟಿಯ ಮೂಲೆಗಳನ್ನು ಓರೆಯಾಗಿ ಕೊಯ್ದರು.

“ಇದನ್ನ ಹಾಕಿದ್ರೆ ಮೆರವಣಿಗೆ ನಿಲ್ಲುತ್ತೆ ಅಂತೀಯಾ?”

“ಅವರಿಗೆ ನಾಚಿಕೆ ಆಗುತ್ತೆ ಮಾಮ. ಬಂಡವಾಳ ಬಯಲಾಗುತ್ತಲ್ಲ.”

“ಯಾರೆದುರಿಗೆ?”

ಮಾಮ ಉತ್ತರಕ್ಕೆ ಕಾಯಲಿಲ್ಲ. ಮೊಳೆ ಹೊಡೆದು, ಗಾಜು ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟರು.

ಸಂಜೆಯೊಳಗೆ ಫೋಟೊ ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ನಿಂತಿತ್ತು. ಪಕ್ಷದವರ, ಪಡೆಯವರ, ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಿಗೆಲ್ಲ ಅವಳು ಅದನ್ನು ಕಳಿಸಿದಳು. ಸಂಜೆಪತ್ರಿಕೆಯ ವರದಿಗಾರ ಅವಳ ಗಿರಾಕಿ, ಅವನಿಗೂ ಕೊಟ್ಟಳು. ಅವನು ಮರುದಿನ ಮುಖಪುಟದಲ್ಲೇ ಹಾಕಿದ: ‘ಪಡೆಯ ಯುವಕನಿಗೆ ನಾಯಕರ ಅಪ್ಪುಗೆ’.

ಈಗ ಬೈಗುಳ ಬರುತ್ತದೆ ಎಂದು ಅವಳು ಫೋನನ್ನು ಕಣ್ಣೆದುರಿಗೇ ಇಟ್ಟುಕೊಂಡು ಕಾದಳು. ಬೈಗುಳ ಬರಲಿಲ್ಲ. ಕಿಟಕಿಯ ಮುಂದೆ ಜನ ನಿಂತರು. ‘ನೋಡು, ನಾಯಕರಿಗೆ ಬಡವರ ಮಕ್ಕಳು ಅಂದ್ರೆ ಎಷ್ಟು ಪ್ರೀತಿ’ ಎಂದು ಒಬ್ಬ ಮುದುಕಿ ಅಂದಳು. ಕೊರಿಯರ್ ಕಚೇರಿಯ ಗುಮಾಸ್ತ ಗಾಜಿಗೆ ಮೂಗು ಒತ್ತಿ, ‘ಹೊರಗಿನವರ ವಿಷಯ ಇವರಾದ್ರೂ ಎತ್ತಿದ್ರಲ್ಲ’ ಎಂದ. ತಮ್ಮನಿಗೆ ಬೀದಿಯಲ್ಲಿ ನಡೆದು ಹೋಗಲು ಆಗುತ್ತಿರಲಿಲ್ಲ, ಹತ್ತು ಕೈ ಕುಲುಕಬೇಕಿತ್ತು. ಸರದಾರನ ನಾದಿನಿಯ ಆಪರೇಶನ್ ಮುಂದಕ್ಕೆ ಹೋಯಿತು. ಕಾರ್ಯದರ್ಶಿಗಳ ಮೀಟಿಂಗು ರದ್ದಾಯಿತು. ಊರಲ್ಲಿ ಇಲ್ಲದವರೆಲ್ಲ ಊರಲ್ಲೇ ಇದ್ದರು.

ಭಾನುವಾರ ಬೆಳಗ್ಗೆ ಮೆರವಣಿಗೆ ಹೊರಟಿತು. ಅಕ್ಕ ಹೆದರಿದ್ದಂತೆ ಏನೂ ಆಗಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಬೀಳುವ ಅಗತ್ಯವೇ ಇರಲಿಲ್ಲ. ಮುಂದೆ ಪೊಲೀಸ್ ಜೀಪು, ಹಿಂದೆ ಪಕ್ಷದ ಬಾವುಟ, ಅದರ ಹಿಂದೆ ಕಾರ್ಯದರ್ಶಿಗಳು, ಅವರ ಪಕ್ಕ ತಮ್ಮ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಒಂದೊಂದು ಅಂಗಡಿಯ ಮುಂದೆಯೂ ನಿಂತರು. ‘ಪರವಾನಗಿ ಪರಿಶೀಲನೆ ಆಗುವವರೆಗೆ’ ಎಂದು ಅಧಿಕಾರಿಯೊಬ್ಬ ಓದಿದ, ಶಟರ್ ಎಳೆಸಿದ, ಹೊಸ ಬೀಗ ಹಾಕಿದ. ಜನ ಚಪ್ಪಾಳೆ ತಟ್ಟಿದರು. ಯಾರಿಗೂ ಗಾಯವಾಗಲಿಲ್ಲ. ಅಂದು ಸಂಜೆ ನಾಯಕರು ಟೀವಿಯಲ್ಲಿ, ‘ಸಾಮಾನ್ಯ ಜನರ ದನಿಯನ್ನು ನಾವು ಕೇಳಿಸಿಕೊಂಡಿದ್ದೇವೆ,’ ಎಂದರು. ಸರದಾರ ಒಬ್ಬನೇ ಉರಿಯುತ್ತಿದ್ದ. ನಮ್ಮ ಕೂಗನ್ನು ಕದ್ದರು ಎಂದು ಹೇಳಿಕೊಂಡು ತಿರುಗಿದ. ಎರಡೇ ದಿನದಲ್ಲಿ ಅವನು ಹೊಸ ಕೂಗು ಹುಡುಕಿಕೊಂಡ: ಬೀಗ ಸಾಲದು, ಊರು ಬಿಡಿಸಬೇಕು.

ಆ ವಾರವೇ ಕಾರ್ಯದರ್ಶಿಗಳು ಸ್ಟುಡಿಯೋಕ್ಕೆ ಬಂದರು. ಕಿಟಕಿಯ ಫೋಟೊವನ್ನು ಹೊರಗಿನಿಂದ ನೋಡಿ, ಒಳಗೆ ಬಂದು ಇನ್ನೊಮ್ಮೆ ಹಿಂದಿನಿಂದ ನೋಡಿದರು.

“ಒಳ್ಳೇ ಕಟ್ಟು ಹಾಕಿಸಿದ್ದೀಯ.”

“ಹೇಳದೆ ಹಾಕಿದ್ದಕ್ಕೆ ಬೈತೀರಿ ಅಂದ್ಕೊಂಡಿದ್ದೆ.”

“ಬೈಯೋದಾ? ತಂಗಿ, ಪಡೆಯವನ ಜೊತೆಗಿನ ಫೋಟೊ ಹಾಕೋಕೆ ಮೇಲಿನವರು ಯಾವತ್ತೂ ಒಪ್ತಿರ್ಲಿಲ್ಲ. ನಾನು ಹಾಕಿದ್ರೆ ನನ್ನ ಕುರ್ಚಿ ಹೋಗ್ತಿತ್ತು. ನೀನು ಹಾಕಿದೆ. ಜನ ಉಗೀತಾರೇನೋ ಅಂತ ಅವರೂ ನೋಡಿದ್ರು. ಉಗೀಲಿಲ್ಲ. ಆಮೇಲೆ ಅವರೇ ಫೋನ್ ಮಾಡಿ ಮೆರವಣಿಗೆ ನಮ್ಮದೇ ಅನ್ನಿ ಅಂದ್ರು.” ಭುಜಗಳು ಕುಣಿದವು. “ಎರಡೂ ನಿನ್ನ ಹತ್ರಾನೇ ಬಿಟ್ಟು ಹೋದೆನಲ್ಲ, ಯಾಕೆ ಅಂದ್ಕೊಂಡೆ?”

ಇದು ನಿಜವೋ, ಆಗಿಹೋದದ್ದನ್ನೆಲ್ಲ ತನ್ನ ಜಾಣತನ ಎಂದು ಹೇಳಿಕೊಳ್ಳುವ ರಾಜಕಾರಣಿಯ ಚಾಳಿಯೋ, ಅವಳಿಗೆ ತಿಳಿಯಲಿಲ್ಲ. ತಿಳಿದರೂ ವ್ಯತ್ಯಾಸವೇನಿರಲಿಲ್ಲ. ಅವಳು ಕೇಳಿದ್ದು ತಮ್ಮ ಉಳಿಯಲಿ ಎಂದು. ತಮ್ಮ ಉಳಿದಿದ್ದ.

ಉಳಿದದ್ದು ಮಾತ್ರವಲ್ಲ, ಟೈರ್ ಅಂಗಡಿ ಬಿಟ್ಟು ಈಗ ಸ್ಟುಡಿಯೋದ ಒಳಕೋಣೆಯನ್ನೇ ಕಚೇರಿ ಮಾಡಿಕೊಂಡಿದ್ದ. ಬೆಳಗಿನಿಂದ ಜನ ಬರುತ್ತಿದ್ದರು. ಒಬ್ಬನಿಗೆ ನಳದ ನೀರು, ಇನ್ನೊಬ್ಬನಿಗೆ ಮಗನ ಸೀಟು. ಉಗುರುಗಳು ಬೆಳ್ಳಗಾಗಿದ್ದವು.

ಅಲ್ಲಿಗೇ ಒಂದು ಮಧ್ಯಾಹ್ನ ಫ್ರೇಮ್ ಮಾಮ ಬಂದರು. ಬೀಗ ಬೀಳುವ ಮೊದಲು ಹೊರಗೆ ತೆಗೆದಿಟ್ಟಿದ್ದ ಅವಳ ಗಿರಾಕಿಗಳ ಫೋಟೊಗಳನ್ನು ಕಟ್ಟು ಹಾಕದೆಯೇ ತಂದು ಕೌಂಟರಿನ ಮೇಲೆ ಇಟ್ಟರು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ.

“ಮಗಳೇ, ಒಂದು ಮಾತು. ಪರಿಶೀಲನೆ ಯಾವಾಗ ಅಂತ ಯಾವ ಆಫೀಸಲ್ಲೂ ಹೇಳ್ತಿಲ್ಲ. ನಿನ್ನ ತಮ್ಮನ ಮಾತು ಈಗ ನಡೆಯುತ್ತಲ್ಲ. ನನ್ನ ಉಪಕರಣ ಎಲ್ಲ ಒಳಗಿದೆ. ಅಷ್ಟನ್ನ ತೆಗೆದುಕೊಳ್ಳೋಕೆ ಒಂದು ಗಂಟೆ ಬೀಗ ತೆಗೆಸಿದ್ರೂ ಸಾಕು.”

ಅಕ್ಕ ಒಳಕೋಣೆಗೆ ಹೋದಳು. ತಮ್ಮ ಫೋನಿನಲ್ಲಿದ್ದ. ಮುಗಿಸುವವರೆಗೆ ಕಾದು ಹೇಳಿದಳು.

“ಮಾಮಂದಾ?” ಎಂದ ಅವನು. ಮುಖ ಸಪ್ಪಗಾಯಿತು; ನಾಟಕವಲ್ಲ, ನಿಜವಾಗಿಯೂ ಸಪ್ಪಗಾಯಿತು. “ಅಕ್ಕಾ, ಅವರೊಬ್ಬರದ್ದು ತೆಗೆಸಿದ್ರೆ ನಾಳೆ ಸರದಾರ ನನ್ನ ಮಾನ ಹರಾಜು ಹಾಕ್ತಾನೆ. ಮಾರಿಕೊಂಡ ಅಂತಾನೆ. ಅವನ ಹಿಂದೆ ಹುಡುಗರು ಇನ್ನೂ ಇದ್ದಾರೆ. ಪಕ್ಷಕ್ಕೆ ನಾನು ಬೇಕಾಗಿರೋದೇ ಆ ಹುಡುಗರಿಗೋಸ್ಕರ. ಅವರು ಹೋದ್ರೆ ನನ್ನನ್ನ ಯಾರು ಇಟ್ಕೋತಾರೆ?”

“ಒಂದು ಗಂಟೆ ಕಣೋ. ಉಪಕರಣಕ್ಕೆ.”

“ಚುನಾವಣೆ ಮುಗೀಲಿ. ಆಮೇಲೆ ನಾನೇ ಖುದ್ದಾಗಿ ಹೋಗಿ ತೆಗೆಸ್ತೀನಿ. ಹಾಗಂತ ಹೇಳು.” ಫೋನನ್ನು ಮತ್ತೆ ಕೈಗೆತ್ತಿಕೊಳ್ಳುತ್ತ, “ನಾನು ಹೇಳಿದೆ ಅಂತ ಮಾತ್ರ ಹೇಳಬೇಡ,” ಎಂದ.

ಅವಳು ಅವನ ಮುಖವನ್ನೇ ನೋಡಿದಳು. ಒತ್ತಾಯಿಸಬಹುದಿತ್ತು. ಕೂಗಾಡಿ ಹೊರಗಿನವರಿಗೆ ಕೇಳುವಂತೆ ಮಾಡಬಹುದಿತ್ತು. ಹಾಗೆ ಮಾಡಿದರೆ ಸರದಾರನ ಕಿವಿಗೆ ಬೀಳುತ್ತದೆ, ತಮ್ಮ ಮತ್ತೆ ಅತ್ತಲೂ ಇಲ್ಲದ ಇತ್ತಲೂ ಇಲ್ಲದ ಜಾಗಕ್ಕೆ ಹೋಗುತ್ತಾನೆ ಎನ್ನುವುದೂ ಆ ಕ್ಷಣವೇ ಹೊಳೆಯಿತು. ಕೌಂಟರಿಗೆ ವಾಪಸು ಬಂದಳು.

“ಈಗ ಸ್ವಲ್ಪ ಕಷ್ಟ ಮಾಮ,” ಎಂದಳು. “ಚುನಾವಣೆ ಮುಗೀಲಿ. ಪರಿಸ್ಥಿತಿ ಸ್ವಲ್ಪ ತಣ್ಣಗಾಗಲಿ. ಆಮೇಲೆ ನೋಡೋಣ.”

“ಹೀಗಂತ ಅವನು ಅಂದ್ನಾ?”

“ಇಲ್ಲ. ನಾನೇ ಹೇಳ್ತಿದ್ದೀನಿ.”

ಮಾಮ ತಲೆ ಎತ್ತಿ ಅವಳನ್ನು ನೋಡಿದರು. ಸಿಟ್ಟಿರಲಿಲ್ಲ. ಹೊಸ ಗಿರಾಕಿ ಬಂದಾಗ ಇವನು ಮಾತಿನ ಮನುಷ್ಯನೋ ಅಲ್ಲವೋ ಎಂದು ಅಳೆಯುವ ನೋಟ ಇರುತ್ತದಲ್ಲ, ಅದು.

“ನೀನೂ ಪಕ್ಷ ಸೇರಿದ್ಯಾ ಮಗಳೇ?”

“ಇಲ್ಲ ಮಾಮ.”

“ಹೌದಾ?” ಎಂದರು ಮಾಮ. ಕೌಂಟರಿನ ಮೇಲೆ ತಾವೇ ತಂದಿಟ್ಟಿದ್ದ ಫೋಟೊಗಳನ್ನು ಇನ್ನೊಮ್ಮೆ ಎಣಿಸಿದರು. ಅಷ್ಟು ವರ್ಷಗಳಲ್ಲಿ ಅವರು ಅವಳೆದುರು ಎಣಿಸಿಕೊಟ್ಟದ್ದು ಅದೇ ಮೊದಲು. ಲೆಕ್ಕ ಸರಿ ಇದೆಯೆಂದು ಅವಳ ಬಾಯಿಂದಲೇ ಹೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು.